ಹಡಗು ತೋರಿಸಲು ಹೋಗಿ ಹೇಳಿದ ಮಾತು

ಕಳೆದ ಬೇಸಿಗೆಯಿಂದೀಚೆಗೆ ಚಿಂತಾಮಣಿಯ ನಮ್ಮ ಮನೆಗೆ ಹುಡುಗ ಹುಡುಗಿಯರು ಬಂದು ಹೋಗುವುದು ಹೆಚ್ಚಾಗಿದೆ. ಶಿಡ್ಲಘಟ್ಟದಿಂದ ಬರುತ್ತಾರೆ, ಗೌರಿಬಿದನೂರಿನಿಂದ ಬಸ್ಸು ಬದಲಾಯಿಸಿ ಬರುತ್ತಾರೆ. ನೌಕಾಪಡೆಗೆ ಅರ್ಜಿ ಹಾಕಿದವರು, ಹಾಕಬೇಕೆಂದಿರುವವರು. ಓಟ ಎಷ್ಟು ನಿಮಿಷದಲ್ಲಿ ಮುಗಿಸಬೇಕು, ಕಣ್ಣಿನ ಪರೀಕ್ಷೆ ಹೇಗಿರುತ್ತದೆ, ವರ್ಷಕ್ಕೆ ರಜೆ ಎಷ್ಟು ಎಂದು ಕೇಳುತ್ತಾರೆ. ನನ್ನ ಕಾಲದ ನಿಯಮ ಈಗ ನಡೆಯುವುದಿಲ್ಲ, ಅದನ್ನೆಲ್ಲ ಮೊಬೈಲಿನಲ್ಲೇ ನೋಡಿಕೊಳ್ಳಿ ಎನ್ನುತ್ತೇನೆ. ಹಡಗಿನೊಳಗಿನ ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ಕೇಳುವವರು ಕಡಿಮೆ. ಕೇಳಿದ್ದರೂ ಎರಡು ವರ್ಷದ ಹಿಂದೆ ನಾನು ನಿಜ ಹೇಳುತ್ತಿರಲಿಲ್ಲ. ಈಗ ಹೇಳುತ್ತೇನೆ, ಬರೆದೂ ಇಡುತ್ತೇನೆ.

ನಾನು ಹಡಗಿನ ಎಂಜಿನ್ ರೂಮಿನಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದವನು. ಹೆಸರು ಆಂಜಿನಪ್ಪ. ಉತ್ತರ ದೇಶದ ಹುಡುಗರ ಬಾಯಲ್ಲಿ ಅದು ಒಂದೇ ವಾರದಲ್ಲಿ ‘ಎಂಜಿನಪ್ಪ’ ಆಯಿತು, ಕೊನೆಯವರೆಗೂ ಹಾಗೇ ಉಳಿಯಿತು. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎನ್ನುವುದು ಪಿಂಚಣಿ ಪುಸ್ತಕದಲ್ಲಿದೆ, ಇಲ್ಲಿ ಬೇಡ.

ಮುರುಗಮಲ್ಲದ ಪಕ್ಕದ ಹಳ್ಳಿ ನಮ್ಮದು. ನಮ್ಮ ಕಡೆ ಹೊಳೆ ಎನ್ನುವುದು ಮಳೆ ಬಂದ ವಾರ ಮಾತ್ರ ಹೊಳೆ, ಉಳಿದ ದಿನ ಮರಳು. ನಾನು ಕಂಡಿದ್ದ ದೊಡ್ಡ ನೀರೆಂದರೆ ಕೋಡಿ ಬಿದ್ದ ಕೆರೆ. ಅಂಥವನನ್ನು ಸಮುದ್ರಕ್ಕೆ ಕಳಿಸಿದ್ದು ನನ್ನ ಕನ್ನಡ ಮೇಷ್ಟ್ರು. ಅವರು ಪತ್ರಿಕೆಯಿಂದ ಕತ್ತರಿಸಿಟ್ಟಿದ್ದ ಜಾಹೀರಾತನ್ನು ಕೈಗಿಟ್ಟು, ಊರಲ್ಲಿದ್ದರೆ ನಿನ್ನನ್ನು ಯಾರೂ ಪೂರಾ ಹೆಸರಿನಿಂದ ಕರೆಯುವುದಿಲ್ಲ, ಹೋಗು ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಊರ ಬಾವಿಗೆ ನಮ್ಮ ಮನೆಯ ಬಿಂದಿಗೆ ಇಳಿಯುವಂತಿರಲಿಲ್ಲ. ಹಡಗಿನಲ್ಲಿ ಸಿಹಿನೀರು ಕಡಿಮೆ, ಎಲ್ಲರಿಗೂ ಅಳತೆ. ಮೊದಲ ದಿನ ಸಾಲಿನಲ್ಲಿ ನಿಂತೆ. ಮುಂದೆ ನಿಂತವನಿಗೆ ಎಷ್ಟೋ ನನಗೂ ಅಷ್ಟೇ, ಅದೇ ನಲ್ಲಿ, ಅದೇ ಮಗ್ಗು. ಆ ಮಗ್ಗು ಹಿಡಿದು ಸ್ವಲ್ಪ ಹೊತ್ತು ಕುಡಿಯದೆ ನಿಂತಿದ್ದೆ. ಹಿಂದಿನವನು ಬೆನ್ನಿಗೆ ತಿವಿದ. ಮುಂದೆ ಎಷ್ಟು ಕಷ್ಟ ಬಂದರೂ ಓಡಿಹೋಗುವ ಯೋಚನೆ ನನಗೆ ಬರಲಿಲ್ಲವೆಂದರೆ ಆ ಮಗ್ಗೇ ಕಾರಣ.

ಕಷ್ಟ ಬೇಕಾದಷ್ಟಿತ್ತು. ನನ್ನನ್ನು ಹಾಕಿದ್ದು ಕ್ಷಿಪಣಿ ಹೊರುವ ಚಿಕ್ಕ ಹಡಗಿಗೆ. ವೇಗ ಜಾಸ್ತಿ, ಜಾಗ ಕಡಿಮೆ. ಕೆಳಗೆ ಮೂರು ಡೀಸೆಲ್ ಎಂಜಿನ್, ಅವುಗಳ ನಡುವೆ ಮೈ ಓರೆ ಮಾಡಿ ನುಸುಳುವಷ್ಟು ದಾರಿ. ಸೆಕೆಯೆಂದರೆ ಬೆಲ್ಲ ಕಾಯಿಸುವ ಒಲೆಯ ಮುಂದೆ ನಿಂತ ಹಾಗೆ, ಆ ಒಲೆಯೂ ಅಲೆಯ ಮೇಲೆ ಕುಣಿಯುತ್ತಿರುತ್ತದೆ. ಮೊದಲ ಮೂರು ದಿನ ಬಕೆಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡು ವಾಂತಿ ಮಾಡುತ್ತಲೇ ಕೆಲಸ ಮಾಡಿದೆ. ವಾಂತಿ ಬಂತೆಂದು ಯಾರೂ ಪಾಳಿ ಬಿಡಿಸುವುದಿಲ್ಲ. ಎಳೆಯರು ಇದನ್ನು ತಿಳಿದೇ ಬರಬೇಕು.

ಭಾಷೆಯೂ ಬರುತ್ತಿರಲಿಲ್ಲ. ಒಮ್ಮೆ ಅಧಿಕಾರಿ ಹಿಂದಿಯಲ್ಲಿ ‘ಬಂದ್ ಕರೋ’ ಎಂದದ್ದನ್ನು ಆ ಗದ್ದಲದಲ್ಲಿ ‘ಬಂದ’ ಎಂದು ಕೇಳಿಸಿಕೊಂಡು, ಯಾರು ಬಂದರೆಂದು ಏಣಿಯ ಕಡೆ ನೋಡುತ್ತಾ ನಿಂತೆ. ತಣ್ಣೀರಿನ ಪಂಪು ಓಡುತ್ತಲೇ ಇತ್ತು. ಆ ಅಧಿಕಾರಿ ವಿಶಾಖಪಟ್ಟಣದವರು. ರೇಗಿ ತಮ್ಮ ಭಾಷೆಯಲ್ಲೇ ಏನೋ ಗೊಣಗಿಕೊಂಡರು. ನಾನು ಗೊತ್ತಿಲ್ಲದೆಯೇ ತೆಲುಗಿನಲ್ಲಿ ಉತ್ತರ ಕೊಟ್ಟೆ. ನಮ್ಮ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು. ಅವರ ಮುಖ ಸಡಿಲವಾಯಿತು. ಅಂದಿನಿಂದ ಆರು ತಿಂಗಳು ಪಂಪು, ವಾಲ್ವು, ಬೇರಿಂಗು ಎಲ್ಲವನ್ನೂ ತೆಲುಗಿನಲ್ಲಿ ಹೇಳಿಕೊಟ್ಟರು. ಜೊತೆಗೆ, ನಾನಿರುವವರೆಗೆ ಮಾತ್ರ ಇದು, ಅಷ್ಟರಲ್ಲಿ ಹಿಂದಿ ಕಲಿ ಎಂದು ಎಚ್ಚರಿಸಿದರು. ಕಲಿತೆ.

ಎಂಜಿನ್ ಕೇಳುವುದನ್ನು ಕಲಿಸಿದವರು ಚೀಫ್ ದಾಸ್. ಚೀಫ್ ಎಂದರೆ ನಮ್ಮಂಥ ನಾವಿಕರಲ್ಲೇ ಹಿರಿಯ, ಎಂಜಿನ್ ರೂಮಿನ ಯಜಮಾನ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುವರು. ಯಾವ ಬೇರಿಂಗು ಸವೆಯುತ್ತಿದೆ ಎಂದು ಹೇಳಿಬಿಡುವರು. ಪೈಪಿನ ಮೇಲೆ ಅಂಗೈ ಹಿಂಬದಿ ಇಟ್ಟು ಬಿಸಿ ಎಷ್ಟೆಂದು ಹೇಳುವರು. ಈಗ ಅದಕ್ಕೆಲ್ಲ ಪರದೆ ಬಂದಿದೆ, ಕೂತಲ್ಲೇ ಅಂಕಿ ಕಾಣುತ್ತದೆ. ಒಳ್ಳೆಯದೇ. ನಮ್ಮ ಕಾಲದವರ ಕಿವಿ ಮಂದವಾದ ಹಾಗೆ ನಿಮ್ಮದು ಆಗುವುದಿಲ್ಲ. ಆದರೂ ಪರದೆಗೆ ಮೂಗಿಲ್ಲ. ನನ್ನ ಕೊನೆಯ ಹಡಗಿನಲ್ಲಿ ಎಲ್ಲ ಅಂಕಿಗಳೂ ಸರಿಯಿದ್ದಾಗ ರಬ್ಬರು ಸುಟ್ಟ ವಾಸನೆ ಬಂದು ಎಂಜಿನ್ ನಿಲ್ಲಿಸಿದ್ದೇವೆ. ಎದ್ದು ಹೋಗಿ ನೋಡುವುದನ್ನು ಬಿಡಬೇಡಿ.

ನನ್ನ ಕಥೆಯೆಲ್ಲ ಇರುವುದು ಆ ಎದ್ದು ಹೋಗಿ ನೋಡುವುದರಲ್ಲೇ. ಅದು ಬಾಯಿಂದ ಹೊರಬಿದ್ದದ್ದು ಹೇಗೆಂದು ಹೇಳಬೇಕಾದರೆ ಕಾರವಾರಕ್ಕೆ ಹೋದದ್ದನ್ನು ಹೇಳಬೇಕು.

ನನ್ನ ಮಗಳು ಮಂಜುಳ, ಅಳಿಯ ನರಸಿಂಹ. ಅಳಿಯ ಗೌರಿಬಿದನೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಅವರ ಒಬ್ಬಳೇ ಮಗಳು ಚೈತ್ರ. ಪಿಯುಸಿ ಓದುತ್ತಲೇ ಯಾರಿಗೂ ಹೇಳದೆ ನೌಕಾಪಡೆಗೆ ಅರ್ಜಿ ಹಾಕಿದ್ದಳು. ಬೆಳಿಗ್ಗೆ ಓಡುವುದನ್ನು ಮೈ ಇಳಿಸಲು ಎಂದು ಮನೆಯಲ್ಲಿ ತಿಳಿದಿದ್ದರು. ಆಯ್ಕೆಯಾಗಿ ಪತ್ರ ಬಂದಾಗ ಮಂಜುಳ ಮಾತು ಬಿಟ್ಟಳು. ತಂದೆತಾಯಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕಿತ್ತು. ನರಸಿಂಹ ಮಾಡಿದ. ಒಬ್ಬರ ಸಹಿ ಸಾಕೆಂದು ಅವನು ಹೇಳಿದರೂ ಚೈತ್ರ ಕೇಳಲಿಲ್ಲ. ಅಮ್ಮನ ಸಹಿ ಇಲ್ಲದೆ ಹೋಗುವುದಿಲ್ಲ, ಹಾಗೆಂದು ಆಸೆ ಬಿಡುವುದೂ ಇಲ್ಲ ಎಂದು ಕೂತಳು. ಇಬ್ಬರದೂ ಒಂದೇ ಹಟ.

ಬೇಸಿಗೆ ರಜೆ ಬಂತು. ಕಾರವಾರದ ಕಡಲದಂಡೆಯಲ್ಲಿ ಹಳೆಯ ಯುದ್ಧನೌಕೆಯೊಂದನ್ನು ನೆಲಕ್ಕೆ ತಂದು ಸಂಗ್ರಹಾಲಯ ಮಾಡಿದ್ದಾರೆ, ಎಲ್ಲರೂ ಹೋಗಿ ನೋಡಿ ಬರೋಣ, ಆಮೇಲೆ ತೀರ್ಮಾನ ಮಾಡಿ ಎಂದ ನರಸಿಂಹ. ಹಡಗಿನ ಇಕ್ಕಟ್ಟು ಕಂಡರೆ ಮಗಳು ಮನಸ್ಸು ಬದಲಿಸುತ್ತಾಳೆ ಎಂದು ಮಂಜುಳ ಹೊರಟಳು. ಹಡಗು ಕಂಡರೆ ಅಮ್ಮ ಒಪ್ಪುತ್ತಾಳೆ ಎಂದು ಚೈತ್ರ ಹೊರಟಳು. ನನ್ನ ಹೆಂಡತಿ ರತ್ನಮ್ಮ ಚಕ್ಕುಲಿ ಡಬ್ಬಿಯೊಂದಿಗೆ ಹೊರಟಳು. ನಾನು ತಾತನ ಜಂಬ ತೋರಿಸಲು ಹೊರಟೆ. ಅದು ನನ್ನ ಹಡಗಲ್ಲ, ಆದರೆ ಅದೇ ಬಗೆಯದು. ಕಣ್ಣು ಕಟ್ಟಿ ಬಿಟ್ಟರೂ ನಡೆದಾಡಬಲ್ಲೆ ಎಂದು ರೈಲಿನಲ್ಲಿ ಎಲ್ಲರಿಗೂ ಹೇಳಿದ್ದೆ.

ಬೆಳಗಿನ ಹತ್ತು ಗಂಟೆಗೇ ಬಿಸಿಲು ಸುಡುತ್ತಿತ್ತು. ರಜೆಯಾದ್ದರಿಂದ ಮಕ್ಕಳ ಗುಂಪು. ಒಳಗೆ ಸಮವಸ್ತ್ರ ತೊಡಿಸಿದ ಗೊಂಬೆಗಳನ್ನು ನಿಲ್ಲಿಸಿದ್ದರು. ಒಂದು ಗೊಂಬೆ ಊಟ ಮಾಡುತ್ತಿದೆ, ಒಂದು ಚುಕ್ಕಾಣಿ ಹಿಡಿದಿದೆ. ನಾನು ಮುಂದೆ ಮುಂದೆ ನಡೆದು ವಿವರಿಸಿದೆ. ಇಲ್ಲಿ ಅಡುಗೆ, ಇಲ್ಲಿ ಮಲಗುವುದು, ಒಬ್ಬನ ಮೂಗಿನ ಮೇಲೆ ಇನ್ನೊಬ್ಬನ ಹಾಸಿಗೆ. ಬಂದ ಮಕ್ಕಳೂ ನನ್ನ ಹಿಂದೆ ಸೇರಿಕೊಂಡರು. ನಗಿಸುವ ಕಥೆಗಳನ್ನೆಲ್ಲ ಹೇಳಿದೆ, ಬಕೆಟ್ಟಿನದು, ‘ಬಂದ್ ಕರೋ’ದು. ರತ್ನಮ್ಮ ಎಷ್ಟೋ ಸಲ ಕೇಳಿದವಳು, ಆದರೂ ನಕ್ಕಳು. ಮಂಜುಳ ನಗಲಿಲ್ಲ.

ಎಂಜಿನ್ ರೂಮಿನ ಬಾಯಿಗೆ ಬಂದೆವು. ಬಗ್ಗಿ ನೋಡಿದೆ. ಎಂಜಿನ್ನು, ಅದರ ಹಿಂಬದಿಗೆ ನುಸುಳುವ ಆ ಇಕ್ಕಟ್ಟು ದಾರಿ, ಗೋಡೆಗುಂಟ ಓಡುವ ಪೈಪು. ಎಲ್ಲ ತಣ್ಣಗೆ ಬಿದ್ದಿತ್ತು.

“ತಾತ, ನೀನು ಎಲ್ಲಿ ನಿಂತ್ಕೊಂತಿದ್ದೆ?” ಎಂದಳು ಚೈತ್ರ.

ತೋರಿಸಲು ಕೈ ಎತ್ತಿದವನು ಕಂಬಿ ಹಿಡಿದು ಅಲ್ಲೇ ಕೂತುಬಿಟ್ಟೆ. ಸೆಕೆ ಹತ್ತಿದೆ ಎಂದುಕೊಂಡು ನರಸಿಂಹ ನನ್ನನ್ನು ಹೊರಗೆ ಕರೆತಂದು ನೆರಳಲ್ಲಿ ಕೂರಿಸಿದ. ಎಲ್ಲರೂ ಸುತ್ತ ಕೂತರು. ನೀರು ಕುಡಿದೆ. ಆಗ ಮಂಜುಳ ಹೇಳಿದಳು.

“ನೋಡಿದ್ಯಾ ಚೈತ್ರ? ಇದೇ ನಂಗೆ ಬೇಡ ಅನ್ಸೋದು. ಚಿಕ್ಕೋಳಿದ್ದಾಗ ಅಪ್ಪ ರಜಕ್ಕೆ ಬರ್ತಿದ್ರು. ಬಿಸ್ಕತ್ತು ತರ್ತಿದ್ರು, ನಗುಸ್ತಿದ್ರು. ಮಧ್ಯಾಹ್ನ ಊಟಕ್ಕೆ ಕೂತೋರು ತಟ್ಟೆ ಮುಂದೆ ಇಟ್ಕೊಂಡು ಎಲ್ಲೋ ನೋಡ್ತಿದ್ರು. ಏನಪ್ಪ ಅಂದ್ರೆ ಏನಿಲ್ಲಮ್ಮ ಅನ್ನೋರು. ಅಷ್ಟು ವರ್ಷದಲ್ಲಿ ಒಂದು ನಿಜ ಹೇಳಿಲ್ಲ ನಮಗೆ. ನೀನೂ ಹಂಗಾಗಿ ವಾಪಸ್ ಬರೋದು ನಂಗೆ ಬೇಡ ಕಣೇ.”

ಅವಳು ಬೇಡವೆನ್ನುತ್ತಿದ್ದದ್ದು ಸಮುದ್ರಕ್ಕೆ ಹೆದರಿ ಎಂದು ನಾವೆಲ್ಲ ತಿಳಿದಿದ್ದೆವು. ಹೆದರಿದ್ದು ನನ್ನನ್ನು ಕಂಡು. ಇನ್ನು ತಡೆದಿಟ್ಟುಕೊಂಡು ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದೆ. ಅಲ್ಲೇ, ಆ ನೆರಳಲ್ಲೇ ಹೇಳಿದೆ. ಹೇಳಿದ್ದು ಇದು.

ಸೇರಿ ಎರಡನೆಯ ವರ್ಷ. ಪಾಳಿಯಲ್ಲಿದ್ದವನು ಗಂಟೆಗೊಮ್ಮೆ ಎಂಜಿನ್ ರೂಮು ಸುತ್ತಬೇಕು. ಪ್ರತಿ ಎಂಜಿನ್ನಿನ ಹಿಂದೆ ನುಸುಳಿ, ಟಾರ್ಚ್ ಬಿಟ್ಟು, ಎಣ್ಣೆ ಪೈಪುಗಳ ಕೀಲು ಮುಟ್ಟಿ ನೋಡಬೇಕು. ಒದ್ದೆಯಿಲ್ಲವೆಂದರೆ ಪುಸ್ತಕದಲ್ಲಿ ‘ಸರಿಯಿದೆ’ ಎಂದು ಬರೆಯಬೇಕು. ಅಂದು ನನ್ನ ಪಾಳಿಯ ಕೊನೆಯ ಸುತ್ತು. ಕಡಲು ಒರಟಾಗಿತ್ತು, ಹಿಂದಿನ ಸುತ್ತಿನಲ್ಲೇ ಮೊಣಕೈ ಸುಟ್ಟುಕೊಂಡಿದ್ದೆ. ಮೂರನೆಯ ಎಂಜಿನ್ನಿನ ಹಿಂದಕ್ಕೆ ನಾನು ಹೋಗಲಿಲ್ಲ. ಒಂದು ಗಂಟೆಯ ಹಿಂದೆ ಒಣಗಿತ್ತಲ್ಲ, ಈಗಲೂ ಹಾಗೇ ಇರುತ್ತದೆ ಎಂದುಕೊಂಡೆ. ‘ಸರಿಯಿದೆ’ ಎಂದು ಬರೆದೆ. ಮುಂದಿನ ಪಾಳಿಗೆ ಬಂದವನು ಬಲವಿಂದರ್, ಪಂಜಾಬಿನ ಹುಡುಗ, ನನ್ನ ಜೊತೆಗೇ ಸೇರಿದವನು. ಎಲ್ಲ ಸರಿಯಿದೆಯಾ ಎಂದು ಕೇಳಿದ. ಸರಿಯಿದೆ ಎಂದೆ.

ನಾನು ಏಣಿ ಹತ್ತಿ ಮುಖ ತೊಳೆಯುವಷ್ಟರಲ್ಲಿ ಕೆಳಗೆ ಕೂಗು ಕೇಳಿತು. ಬಲವಿಂದರ್ ತನ್ನ ಮೊದಲ ಸುತ್ತಿಗೆ ಆ ಎಂಜಿನ್ನಿನ ಹಿಂದೆ ನುಸುಳಿದ್ದ. ಸಡಿಲವಾಗಿದ್ದ ಕೀಲು ಅವನೆದುರೇ ಬಿಟ್ಟುಕೊಂಡು ಕಾದ ಎಣ್ಣೆ ಬಲಗೈ ಮೇಲೆ ಚಿಮ್ಮಿತು. ಅವನು ಓಡಲಿಲ್ಲ. ಎಡಗೈಯಲ್ಲಿ ತಡಕಾಡಿ ಎಂಜಿನ್ ನಿಲ್ಲಿಸಿ, ಆಮೇಲೆ ಬಿದ್ದ. ಹಾಗೆ ನಿಲ್ಲಿಸದಿದ್ದರೆ ಬೆಂಕಿ ಹತ್ತುತ್ತಿತ್ತು, ನಾವು ಯಾರಾದರೂ ಉಳಿಯುತ್ತಿದ್ದೆವೋ ಇಲ್ಲವೋ.

ವಿಚಾರಣೆ ನಡೆಯಿತು. ಕೊನೆಯ ಸುತ್ತಿನಲ್ಲಿ ಕೀಲು ಹೇಗಿತ್ತು ಎಂದು ಕೇಳಿದರು. ಒಣಗಿತ್ತು ಸಾರ್ ಎಂದೆ. ಪುಸ್ತಕದಲ್ಲೂ ಹಾಗೇ ಇತ್ತು. ಕೀಲು ಇದ್ದಕ್ಕಿದ್ದಂತೆ ಬಿಟ್ಟಿದೆ ಎಂದು ತೀರ್ಮಾನವಾಯಿತು. ಬಲವಿಂದರನ ಕೈ ವಾಸಿಯಾಯಿತು, ಆದರೆ ಎರಡು ಬೆರಳು ಮಡಚಲು ಬರಲಿಲ್ಲ. ಅವನನ್ನು ದಡದ ಉಗ್ರಾಣಕ್ಕೆ ಹಾಕಿದರು. ಮತ್ತೆ ಅವನು ಸಮುದ್ರಕ್ಕೆ ಬರಲಿಲ್ಲ. ನಮ್ಮಿಬ್ಬರಲ್ಲಿ ಸಮುದ್ರಕ್ಕೆ ಆಸೆಪಟ್ಟು ಬಂದಿದ್ದವನು ಅವನೇ.

ಚೀಫ್ ದಾಸ್ ಮಾತ್ರ ಒಂದು ದಿನ ನನ್ನನ್ನು ಆ ಎಂಜಿನ್ನಿನ ಹಿಂದಕ್ಕೆ ಕರೆದೊಯ್ದರು. ಎಣ್ಣೆ ಜಿನುಗಿ ಜಿನುಗಿ ನೆಲದ ತಗಡಿನ ಮೇಲೆ ಎಂಜಿನ್ನಿನ ಕಾವಿಗೆ ಕಪ್ಪಾಗಿ ಗಟ್ಟಿಯಾಗಿದ್ದ ಕಲೆ ತೋರಿಸಿದರು. ಕೀಲು ಒಮ್ಮೆಗೇ ಬಿಟ್ಟಿದ್ದರೆ ಅಂಥ ಕಲೆ ಇರುತ್ತಿರಲಿಲ್ಲ. “ನನಗೆ ಗೊತ್ತು. ನೀನಾಗಿ ಬಂದು ಹೇಳಬೇಕು. ನಾನು ಕೇಳೋದಿಲ್ಲ,” ಎಂದರು. ನಾನು ಹೋಗಿ ಹೇಳಲಿಲ್ಲ. ಎರಡು ವರ್ಷ ಅವರ ಕೆಳಗೇ ಇದ್ದೆ. ಅವರು ಒಂದು ಕೆಟ್ಟ ಮಾತು ಆಡಲಿಲ್ಲ, ಎಂಜಿನ್ ವಿದ್ಯೆಯಲ್ಲಿ ಒಂದನ್ನೂ ಮುಚ್ಚಿಡಲಿಲ್ಲ. ತಮ್ಮ ನಿವೃತ್ತಿಯ ದಿನ ಎಲ್ಲರ ಕೈ ಕುಲುಕಿದರು. ನನ್ನ ಕೈ ಹಿಡಿದು ಒಂದು ಕ್ಷಣ ಕಾದರು. ಹೋಗಿಬನ್ನಿ ಚೀಫ್ ಎಂದಷ್ಟೇ ಹೇಳಿದೆ. ಆಮೇಲೆ ಉಳಿದಷ್ಟು ವರ್ಷವೂ ನಾನು ಒಂದು ಸುತ್ತನ್ನು ತಪ್ಪಿಸಲಿಲ್ಲ, ಮುಟ್ಟದೆ ಒಂದು ಅಕ್ಷರ ಬರೆಯಲಿಲ್ಲ. ಅದರಿಂದ ಹಳೆಯದು ಅಳಿಸಿಹೋಗುತ್ತದೆ ಎಂದು ನಂಬಲು ಪ್ರಯತ್ನಪಟ್ಟೆ.

ಇಷ್ಟು ಹೇಳಿ ನಿಲ್ಲಿಸಿದೆ. ರತ್ನಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಲವತ್ತು ವರ್ಷ ಜೊತೆಗೆ ಬದುಕಿದವಳಿಗೂ ಇದು ಹೊಸದು. ಚೈತ್ರ ತಲೆ ತಗ್ಗಿಸಿದ್ದಳು. ಮಂಜುಳ ಕೇಳಿದಳು.

“ಆ ಬಲವಿಂದರ್ ಅವರಿಗೆ ಹೇಳಿದ್ಯಾ?”

“ಇಲ್ಲಮ್ಮ.”

“ಹಂಗಾದ್ರೆ ನಮಗೆ ಹೇಳಿ ಏನಪ್ಪ ಬಂತು?”

ಅವಳು ಕೇಳಿದ್ದು ಸಿಟ್ಟಿನಿಂದಲ್ಲ, ಮೇಷ್ಟ್ರು ಲೆಕ್ಕ ಅರ್ಧಕ್ಕೇ ಬಿಟ್ಟ ಮಗುವನ್ನು ಕೇಳುವ ಹಾಗೆ. ವಾಪಸು ರೈಲಿನಲ್ಲಿ ನಾನು ನಿಶ್ಚಯ ಮಾಡಿದೆ. ಅವನು ಬದುಕಿದ್ದರೆ ಹುಡುಕುತ್ತೇನೆ, ಇಲ್ಲವಾಗಿದ್ದರೆ ಅವನ ಮನೆಯವರಿಗೆ ಹೇಳುತ್ತೇನೆ.

ಹುಡುಕುವುದು ಸುಲಭವಾಗಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ನನ್ನ ಹಾಗೆ ಸೇನೆ ಬಿಟ್ಟು ಬಂದವರನ್ನು ಕೇಳಿದೆ, ಅವರು ಬೆಂಗಳೂರಿನವರನ್ನು ತೋರಿಸಿದರು. ಅಲ್ಲಿಗೆ ಎರಡು ಸಲ ಹೋದೆ. ಬಲವಿಂದರ್ ಎಂಬ ಹೆಸರಿನವರು ಎಷ್ಟೋ ಮಂದಿ. ನರಸಿಂಹ ನನ್ನ ಪಕ್ಕ ಕೂತು ಹಳೆಯ ನಾವಿಕರ ಫೋನ್ ಗುಂಪುಗಳಿಗೆಲ್ಲ ಬರೆದ. ಒಬ್ಬ ಬಲವಿಂದರ್ ಸಿಕ್ಕರು, ಅವರು ಅಡುಗೆ ವಿಭಾಗದವರು. ಇನ್ನೊಬ್ಬರು ತೀರಿಹೋಗಿದ್ದರು. ಎರಡು ದಿನ ಅವನೇ ಇರಬೇಕೆಂದು ಅನ್ನ ಸೇರಲಿಲ್ಲ, ವಯಸ್ಸು ಹೊಂದಲಿಲ್ಲವೆಂದು ಆಮೇಲೆ ಗೊತ್ತಾಯಿತು. ಇತ್ತ ಚೈತ್ರ ತರಬೇತಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು. ಮಂಜುಳ ಸಹಿ ಮಾಡಿರಲಿಲ್ಲ. ಬಿಡಪ್ಪ ಸಾಕು ಎಂದೂ ನನಗೆ ಹೇಳಲಿಲ್ಲ. ಪ್ರತಿ ಸಂಜೆ ಫೋನ್ ಮಾಡಿ ಸಿಕ್ಕರಾ ಎಂದಷ್ಟೇ ಕೇಳುತ್ತಿದ್ದಳು.

ಮೂರನೆಯ ವಾರದ ಕೊನೆಗೆ ಒಂದು ನಂಬರ್ ಬಂತು. ಭಾನುವಾರ ಬೆಳಿಗ್ಗೆ, ತಿಂಡಿಯಾದ ಮೇಲೆ. ಮಗಳ ಸಂಸಾರ ನಮ್ಮ ಮನೆಗೇ ಬಂದಿತ್ತು. ಎಲ್ಲರ ಮುಂದೆಯೇ ಮಾಡುತ್ತೇನೆ ಎಂದು ಹಜಾರದಲ್ಲಿ ಕೂತು ಫೋನ್ ಮಾಡಿದೆ. ಎತ್ತಿದ ದನಿ ಮುದಿಯಾಗಿತ್ತು. ಎಂಜಿನಪ್ಪ ಎಂದೆ. ಆ ಕಡೆ ಜೋರಾಗಿ ನಕ್ಕ. ಬದುಕಿದ್ದೀಯೇನೋ ಎಂದ. ಮನೆ, ಮಕ್ಕಳು, ಮಂಡಿನೋವು ಎಲ್ಲ ಕೇಳಿದ. ಅವನ ಮಾತಿಗೆ ಸಿಕ್ಕಿಕೊಂಡರೆ ಮತ್ತೆ ಹೇಳಲಾಗುವುದಿಲ್ಲವೆಂದು ನಡುವೆ ತಡೆದು, ಬಲವಿಂದರ್, ಆ ದಿನ ನಾನು ಮೂರನೇ ಎಂಜಿನ್ನಿನ ಹಿಂದೆ ಹೋಗಿರಲಿಲ್ಲ, ನೋಡದೆ ಬರೆದೆ, ವಿಚಾರಣೆಯಲ್ಲೂ ಸುಳ್ಳು ಹೇಳಿದೆ ಎಂದುಬಿಟ್ಟೆ.

ಆಮೇಲೆ ಅವನು ನಿಧಾನವಾಗಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

“ಎಂಜಿನಪ್ಪ, ಹಿಂದಿನ ದಿನ ಆ ಕೀಲು ಬಿಗಿ ಮಾಡಿದ್ದು ನಾನು. ನಾನೇ ಸರಿಯಾಗಿ ಬಿಗಿ ಮಾಡಿಲ್ಲ ಅಂದ್ಕೊಂಡಿದ್ದೆ. ಇಷ್ಟು ವರ್ಷ. ಹೆಂಡತಿಗೂ ಹಾಗೇ ಹೇಳಿದೀನಿ, ನನ್ನ ಕೈಯನ್ನ ನಾನೇ ಸುಟ್ಕೊಂಡೆ ಅಂತ.”

ನಾನು ಹೊತ್ತುಕೊಂಡು ತಿರುಗಿದೆ ಎಂದುಕೊಂಡಿದ್ದ ಭಾರದ ಅರ್ಧವನ್ನು, ಗೊತ್ತೇ ಇಲ್ಲದೆ, ಅವನು ಹೊತ್ತಿದ್ದ. ಕೀಲು ಅವನು ಸರಿಯಾಗಿ ಬಿಗಿ ಮಾಡಿರಲಿಲ್ಲವೋ, ಅಲೆಯ ಹೊಡೆತಕ್ಕೆ ಸಡಿಲವಾಯಿತೋ, ಯಾರಿಗೂ ತಿಳಿಯುವುದಿಲ್ಲ. ನಾನು ಹೋಗಿ ಮುಟ್ಟಿದ್ದರೆ ಒದ್ದೆ ಸಿಗುತ್ತಿತ್ತು, ಅವನ ಕೈ ಉಳಿಯುತ್ತಿತ್ತು. ಅಷ್ಟು ಮಾತ್ರ ಖಂಡಿತ. ಅದನ್ನೇ ಅವನಿಗೆ ಹೇಳಿದೆ. ಕ್ಷಮಿಸು ಎಂದೆ. ಅವನು ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಆಗಲೇ ಹೇಳಬೇಕಿತ್ತು ಎಂದ. ಹೌದು, ಹೇಳಬೇಕಿತ್ತು. ಇವತ್ತು ಯಾಕೆ ಹೇಳಿದೆ ಎಂದು ಕೇಳಿದ. ಮೊಮ್ಮಗಳ ವಿಷಯ ಶುರು ಮಾಡಿದೆ.

ಮಂಜುಳ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಅವಳ ಹಿಂದಿ ಸ್ಕೂಲಿನಲ್ಲಿ ಕಲಿತಷ್ಟೇ. ಆ ಕಡೆಯ ಅಪರಿಚಿತ ಮುದುಕನಿಗೆ ನಮಸ್ಕಾರ ಹೇಳಿ, ತಾನು ಎಂಜಿನಪ್ಪನ ಮಗಳು ಎಂದಳು. ಅವನೇನೋ ಕೇಳಿದ. ಅವಳು ಚೈತ್ರಳ ಕಡೆ ನೋಡಿ, ಒಂದೊಂದೇ ಪದ ಹುಡುಕಿ ಜೋಡಿಸಿಕೊಂಡು, ನನ್ನ ಮಗಳು ನೌಕಾಪಡೆಗೆ ಹೋಗುತ್ತಿದ್ದಾಳೆ, ಮುಂದಿನ ವಾರ, ಎಂದಳು.